ಅಷ್ಟಮಿಗೆ ಹೊರಟ ಅಘನಾಶಿನಿ ಪ್ರವಾಸ

(‘ಧಾರವಾಡ ಬಿಎಸ್ಸಿ 98, ಹಕ್ಕಿ ನೋಡೋರು’ ವಾಟ್ಸಾಪ್ ಗುಂಪು. ಡಿಸೆಂಬರ್ 2025)

ರವಿ ಹುಬ್ಬಳ್ಳಿ: [ಫಾರ್ವರ್ಡ್ ಮಾಡಿದ ಪೋಸ್ಟರ್]
ಅಘನಾಶಿನಿ ಹೊಳಿ ದಂಡಿಗೆ ಕಾಟೇಜ್. ಜನವರಿ 24, 25, 26. ಎರಡು ರಾತ್ರಿ, ತಲೆಗೆ 6,500. ಊಟ, ಬೋಟು, ಗೈಡು ಎಲ್ಲಾ ಅದರಾಗ ಬಂತು. ಸೋಮವಾರ ಹೆಂಗೂ ಗಣರಾಜ್ಯೋತ್ಸವ, ಯಾರೂ ರಜಾ ಚೀಟಿ ಬರೆಯೂ ಹಂಗಿಲ್ಲ. ಒಂಬತ್ತ ಮಂದಿ ಆದ್ರ ಇಡೀ ಜಾಗ ನಮ್ದ. ಇವತ್ತ ರಾತ್ರಿ ಒಳಗ ಅಡ್ವಾನ್ಸ್ ಕೇಳ್ಯಾರ. ಲಗೂನ ಹೂಂ ಅನ್ರಿ.

ಶೈಲಾ ಬೆಂಗಳೂರು: ಹೂಂ 👍

ನಾಗರಾಜ: ನಾನೂ

ಸುಮಾ: ರವಿ, ಪೋಸ್ಟರಲ್ಲಿ ಬಲಗಡೆ ಕೂತಿರೋದು ಪಫಿನ್ ಅಲ್ವೇನೋ?

ರವಿ ಹುಬ್ಬಳ್ಳಿ: ಯಾವ್ದು?

ಸುಮಾ: ಕಿತ್ತಳೆ ಕೊಕ್ಕು, ಬಣ್ಣ ಬಳಿದ ಹಾಗಿರೋ ಮುಖ. ಉತ್ತರ ಅಟ್ಲಾಂಟಿಕ್ ಬಂಡೆಗಳ ಹಕ್ಕಿ ಅದು. ಕುಮಟಾಗೆ ಬರಬೇಕಾದ್ರೆ ನಮ್ಮ ಜೊತೆ ಪಂಚಗಂಗಾ ಎಕ್ಸ್‌ಪ್ರೆಸ್ಸೇ ಹತ್ತಬೇಕು 😄

ರವಿ ಹುಬ್ಬಳ್ಳಿ: ಡಿಸೈನ್ ಮಾಡಿದ ಹುಡುಗ ಎಲ್ಲಿಂದೋ ಎತ್ಯಾನ ಬಿಡs. ನಾವು ಪೋಸ್ಟರ್ ನೋಡಾಕ ಹೊಂಟಿಲ್ಲ, ಹೊಳಿ ನೋಡಾಕ ಹೊಂಟೇವಿ.

ಗಣಪತಿ ಕುಮಟಾ: ಪಫಿನ್ ಹಾಳಾಗಿ ಹೋಗ್ಲಿ ಮಾರಾಯ, ತಾರೀಖು ನೋಡಿದ್ಯಾ? 25ಕ್ಕೆ ರಥಸಪ್ತಮಿ, 26ಕ್ಕೆ ಅಷ್ಟಮಿ.

ರವಿ ಹುಬ್ಬಳ್ಳಿ: ಅದಕ್ಕೇನಾತು? ಹಕ್ಕಿ ಪಂಚಾಂಗ ನೋಡಿ ಬರ್ತಾವೇನು?

ಗಣಪತಿ ಕುಮಟಾ: ನೀರು ನೋಡಿ ಬರ್ತವೆ. ನೀರಿಗೆ ಪಂಚಾಂಗ ಉಂಟು. ಅಮಾವಾಸ್ಯೆ ಹುಣ್ಣಿಮೆಗೆ ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಒಂದೂವರೆ ಎರಡು ಮೀಟರ್ ವ್ಯತ್ಯಾಸ ಇರ್ತದೆ. ಅಷ್ಟಮಿ ಆಸುಪಾಸಿಗೆ ಅದು ಅರ್ಧಕ್ಕಿಂತ ಕೆಳಗೆ ಬರ್ತದೆ. ದೊಡ್ಡ ಉಬ್ಬರದ ದಿನ ಅಳಿವೆಯ ಕೆಸರು ಬಯಲು ಪೂರ್ತಿ ಮುಳುಗ್ತದೆ. ಎಲ್ಲೆಲ್ಲೋ ಚದುರಿ ಮೇಯ್ತಿದ್ದ ಕರ್ಲ್ಯೂ, ವಿಂಬ್ರೆಲ್, ಸ್ಯಾಂಡ್ ಪ್ಲೋವರ್ ಥರದ ಕೆಸರು ಹಕ್ಕಿ ಎಲ್ಲ ಹೆಜ್ಜೆ ಹೆಜ್ಜೆಗೆ ಹಿಂದೆ ಸರೀತಾ ದಡಕ್ಕೆ ಬರ್ಲೇಬೇಕು. ಕಡೆಗೆ ಉಪ್ಪಿನ ಆಗರದ ಬದು, ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆ, ಉಳಿದ ಮರಳು ದಿಬ್ಬ, ಇಷ್ಟರ ಮೇಲೆ ಒತ್ತೊತ್ತಾಗಿ ಕೂರ್ತವೆ. ನಾವು ಒಂದ್ಕಡೆ ಸುಮ್ನೆ ಕೂತ್ರೆ ಸಾಕು, ನೀರೇ ಅವನ್ನ ನಮ್ಮ ಮುಂದೆ ತಂದು ನಿಲ್ಲಿಸ್ತದೆ. ಅಷ್ಟಮಿ ನೀರಿಗೆ ಬಯಲು ಪೂರ್ತಿ ಮುಳುಗೂದೂ ಇಲ್ಲ, ಪೂರ್ತಿ ತೆರೆಯೂದೂ ಇಲ್ಲ. ಹಕ್ಕಿಗೆ ಇದ್ದಲ್ಲಿಂದ ಏಳೂ ಕಾರಣವೇ ಇಲ್ಲ. ಅರ್ಧ ಕಿಲೋಮೀಟರ್ ಆಚೆ ಕಂದು ಚುಕ್ಕಿ ಎಣಿಸಿ ವಾಪಸ್ ಬರಬೇಕು.

ಶೈಲಾ ಬೆಂಗಳೂರು: ಒಂದು ನಿಮಿಷ. ನೀರು ಪೂರ್ತಿ ಮುಳುಗದಿದ್ರೆ ಹಕ್ಕಿಗಳು ಇಡೀ ದಿನ ಮೇಯ್ತಾ ಇರುತ್ತವಲ್ಲ? ದೊಡ್ಡ ಉಬ್ಬರದಲ್ಲಿ ಸಿಗೋದು ಎರಡು ಮೂರು ಗಂಟೆ ಆಟ ಅಷ್ಟೇ. ಆಮೇಲೆ ಎಲ್ಲ ಕೊಕ್ಕು ರೆಕ್ಕೆಯೊಳಗೆ ಸಿಕ್ಕಿಸ್ಕೊಂಡು ಮಲಗುತ್ತವೆ.

ಗಣಪತಿ ಕುಮಟಾ: ಅದು ಸರಿಯೇ. ಮೇಯುವ ರೀತಿ ನೋಡ್ಲಿಕ್ಕೆ ಸಣ್ಣ ನೀರೂ ಅಡ್ಡಿಲ್ಲ. ಆದ್ರೆ ಗುರುತು ಹಿಡಿಯೂದು, ಎಣಿಸೂದು ಅಂದ್ರೆ ಹತ್ರ ಬರ್ಬೇಕು.

ಸುಮಾ: ಅದರಲ್ಲೂ ಸ್ಯಾಂಡ್ ಪ್ಲೋವರ್. 2023ರಲ್ಲಿ ಲೆಸ್ಸರ್ ಸ್ಯಾಂಡ್ ಪ್ಲೋವರ್ ಅನ್ನೋದನ್ನ ಸೈಬೀರಿಯನ್, ಟಿಬೆಟನ್ ಅಂತ ಎರಡು ಜಾತಿ ಮಾಡಿದ್ರು. ನಮ್ಮ ಕರಾವಳಿಗೆ ಚಳಿಗಾಲಕ್ಕೆ ಬರೋದು ಟಿಬೆಟನ್. ಅದರ ಜೊತೆಗೇ ಗ್ರೇಟರ್ ಸ್ಯಾಂಡ್ ಪ್ಲೋವರೂ ನಿಂತಿರುತ್ತೆ. ಕೊಕ್ಕಿನ ಬುಡದಿಂದ ಕಣ್ಣಿನ ಹಿಂಬದಿವರೆಗಿನ ದೂರ ನೋಡಿ. ಕೊಕ್ಕು ಅದಕ್ಕಿಂತ ಗಿಡ್ಡ ಇದ್ದರೆ ಟಿಬೆಟನ್, ಉದ್ದ ಇದ್ದರೆ ಗ್ರೇಟರ್. ಗ್ರೇಟರ್ ಕಾಲು ಮಾಸಲು ಹಸಿರು ಹಳದಿ, ಟಿಬೆಟನ್‌ದು ಕಪ್ಪು ಛಾಯೆ. ಆದ್ರೆ ಕೆಸರು ಮೆತ್ತಿದ ಕಾಲಿನ ಬಣ್ಣ ನಂಬೋ ಹಾಗಿಲ್ಲ, ಕೊಕ್ಕೇ ಗತಿ. ಕುತ್ತಿಗೆ ಹಿಂದೆ ಬಿಳಿ ಪಟ್ಟಿ ಸುತ್ತಿ ಬಂದಿದ್ರೆ ಎರಡೂ ಅಲ್ಲ, ಕೆಂಟಿಷ್ ಪ್ಲೋವರ್. ಇದೆಲ್ಲ ಅರ್ಧ ಕಿಲೋಮೀಟರ್‌ನಿಂದ ಆಗೋ ಮಾತಲ್ಲ.

ನಾಗರಾಜ: ದೂರದರ್ಶಕ ಸ್ಕೋಪಿಗೆ 60 ಪಟ್ಟು ಝೂಮ್ ಹಾಕಿದ್ರ?

ಸುಮಾ: ಒಂಬತ್ತೂವರೆ ಆದಮೇಲೆ 60 ಹಾಕಿದ್ರೆ ಹಕ್ಕಿ ಅಲ್ಲ, ಕುದಿಯೋ ಗಂಜಿ ಕಾಣುತ್ತೆ. ಕೆಸರಿನ ಮೇಲಿನ ಬಿಸಿ ಗಾಳಿ ಅದು. ಲೆನ್ಸ್ ಎಷ್ಟು ದುಬಾರಿಯಾದ್ರೂ ಅಷ್ಟೇ. 25, 30ಕ್ಕೆ ಇಳಿಸಿ ನಿಲ್ಲಿಸಬೇಕು.

ರವಿ ಹುಬ್ಬಳ್ಳಿ: ಅದಕ್ಕs ಬೋಟ್ ಐತಲ್ಲ! ಬೆಳಿಗ್ಗೆ ಆರಕ್ಕ ಬೋಟು. ಹತ್ತರಕ್ಕ ಹೋಗಿ ನೋಡಿದ್ರಾತು.

ಗಣಪತಿ ಕುಮಟಾ: ಆರಕ್ಕೆ ಕತ್ತಲೆ ಮಾರಾಯ! ಜನವರಿಯಲ್ಲಿ ಇಲ್ಲಿ ಸೂರ್ಯ ಏಳೂದು ಏಳು ಗಂಟೆಗೆ. ಅದೂ ಬಿಡು, 25ರ ಬೆಳಿಗ್ಗೆ ಆರಕ್ಕೆ ನೀರು ಇಳೀತಾ ಇರ್ತದೆ. ಹತ್ತು ಹನ್ನೊಂದರ ಸುಮಾರಿಗೆ ಪೂರ್ತಿ ಇಳಿತ. ಇಳಿಯೂ ನೀರಿನ ಹಿಂದೆ ಬೋಟ್ ಬಿಟ್ರೆ ಎರಡು ತೊಂದರೆ. ಹಕ್ಕಿ ನಮ್ಮಿಂದ ದೂರ ದೂರ ಹರಡ್ಕೊಳ್ತಾ ಹೋಗ್ತವೆ. ಬೋಟ್ ದಿಬ್ಬಕ್ಕೆ ಸಿಕ್ಕಿದ್ರೆ ಮುಂದಿನ ಉಬ್ಬರದವರೆಗೆ ಅಲ್ಲೇ. ಏರೂ ನೀರಲ್ಲಿ ಸಿಕ್ಕಿದ್ರೆ ಹತ್ತು ನಿಮಿಷಕ್ಕೆ ತಾನೇ ತೇಲ್ತದೆ. ಇಳಿದು ತಳ್ತೇನೆ ಅಂತ ಯಾರೂ ಹೀರೋ ಆಗ್ಬೇಡಿ, ಕೆಸರು ಮಂಡಿಗೆ ಬರ್ತದೆ, ಒಳಗಿನ ಸಿಂಪಿ ಚಿಪ್ಪು ಬ್ಲೇಡಿನ ಹಾಗೆ ಕೊಯ್ತದೆ.

ಸುಮಾ: ಉಬ್ಬರದಲ್ಲಿ ಬೋಟನ್ನ ಗುಂಪಿನ ಹತ್ರ ನುಗ್ಗಿಸೋದು ಇನ್ನೂ ಕೆಟ್ಟದ್ದು. ಆಗ ಅವಕ್ಕೆ ಉಳಿದಿರೋದೇ ಆ ಒಂದು ದಿಬ್ಬ. ಎಬ್ಬಿಸಿದ್ರೆ ಸುತ್ತು ಹೊಡೆದು ಅಲ್ಲಿಗೇ ಬರಬೇಕು, ತಿಂದಿದ್ದೆಲ್ಲ ರೆಕ್ಕೆ ಬಡಿಯೋಕೆ ಖರ್ಚು. ನಾಲ್ಕು ಹಕ್ಕಿ ತಲೆ ಎತ್ತಿ ನಿಂತ್ವು ಅಂದ್ರೆ ಅಲ್ಲೇ ಇಂಜಿನ್ ಆಫ್.

ಶೈಲಾ ಬೆಂಗಳೂರು: ಹಾಗಾದ್ರೆ ಬೋಟೇ ಬೇಡವಾ?

ಗಣಪತಿ ಕುಮಟಾ: ಬೇಕು, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಓಣಿಗಳಿಗೆ. ಕಪ್ಪು ತಲೆಯ ಮಿಂಚುಳ್ಳಿ ಅಲ್ಲೇ ಸಿಗೂದು. ಗರುಡ, ಬಿಳಿಹೊಟ್ಟೆಯ ಕಡಲ ಹದ್ದಿಗೂ ಬೋಟ್ ಒಳ್ಳೇದು. ಕೆಸರು ಹಕ್ಕಿಗೆ ಬದು ಒಳ್ಳೇದು.

ರವಿ ಹುಬ್ಬಳ್ಳಿ: ಸರಿ ಪಂಡಿತರs, ಯಾವಾಗ ಹೋಗಬೇಕು ಅದನ್ನರ ಹೇಳ್ರಿ.

ಗಣಪತಿ ಕುಮಟಾ: 16, 17, 18. ಭಾನುವಾರ 18ಕ್ಕೆ ಅಮಾವಾಸ್ಯೆ. ಇಲ್ಲಿ ಅಮಾವಾಸ್ಯೆ ಉಬ್ಬರ ಬೆಳಿಗ್ಗೆ ಹನ್ನೊಂದರ ಆಸುಪಾಸು. ದಿನಕ್ಕೆ ಮುಕ್ಕಾಲು ಗಂಟೆ ಹಿಂದೆ ಲೆಕ್ಕ ಹಾಕು, 16ಕ್ಕೆ ಒಂಬತ್ತೂವರೆ ಹತ್ತು. ಅಂದ್ರೆ ಬೆಳಕು ಚೆನ್ನಾಗಿರೂ ಹೊತ್ತಿಗೇ ನೀರು ಏರ್ತಾ ಇರ್ತದೆ. ಉಬ್ಬರಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ ಕೂರೂದು. ನಿಖರ ಸಮಯಕ್ಕೆ ಕಾರವಾರದ ಟೈಡ್ ಟೇಬಲ್ ನೋಡಿ, ಆದ್ರೆ ಅದು ಸಮುದ್ರದ ಬಾಯಿಯ ಲೆಕ್ಕ. ಮಿರ್ಜಾನ್ ಕಡೆ ಒಳಗೆ ಹೋದಷ್ಟೂ ತಡ.

ಸುಮಾ: ಜನವರಿಯಲ್ಲೇ ಏಷ್ಯನ್ ವಾಟರ್‌ಬರ್ಡ್ ಸೆನ್ಸಸ್ ಕೂಡ ನಡೆಯುತ್ತೆ. 1987ರಿಂದ ಬಂದಿರೋ ಗಣತಿ. ಒತ್ತಾಗಿ ಕೂತಾಗ ಎಣಿಸಿದ್ರೆ ಲೆಕ್ಕಕ್ಕೊಂದು ಅರ್ಥ ಇರುತ್ತೆ. ಮೊದಲು ಐವತ್ತು ಹಕ್ಕಿ ಒಂದೊಂದಾಗಿ ಎಣಿಸಿ, ಆ ಗಾತ್ರದ ತುಂಡು ಎಷ್ಟು ಅಂತ ಗುಂಪಿನುದ್ದಕ್ಕೂ ಅಳೆಯೋದು. ಒಬ್ಬರು ಹೇಳಿದ ಅಂಕಿ ಇನ್ನೊಬ್ಬರಿಗೆ ಕೇಳಿಸಬಾರದು, ಕೇಳಿಸಿದ್ರೆ ಇಬ್ಬರದೂ ಒಂದೇ ಬರುತ್ತೆ.

ರವಿ ಹುಬ್ಬಳ್ಳಿ: 16 ಶುಕ್ರವಾರ. ರಜಾ ಯಾರಪ್ಪ ಕೊಡ್ತಾನ?

ಶೈಲಾ ಬೆಂಗಳೂರು: 15 ಗುರುವಾರ ಸಂಕ್ರಾಂತಿ ಕಣೋ. ಒಂದೇ ದಿನ ಹಾಕಿದ್ರೆ ನಾಲ್ಕು ದಿನ ಆಯ್ತು. ಎಳ್ಳು ಬೀರಿ ರಾತ್ರಿ ರೈಲು ಹತ್ತಿದ್ರೆ ಬೆಳಿಗ್ಗೆ ಗೋಕರ್ಣ ರೋಡ್.

ನಾಗರಾಜ: ನನಗ 16 ಆಗೂದಿಲ್ಲ. ಶಿವರಾತ್ರಿಗೆ ಹೋಗೂಣು?

ಗಣಪತಿ ಕುಮಟಾ: ಶಿವರಾತ್ರಿ ಅಂದ್ರೆ ಅಮಾವಾಸ್ಯೆ ಮಗ್ಗುಲಿಗೇ ಬರ್ತದೆ, ನೀರು ಯಾವಾಗ್ಲೂ ದೊಡ್ಡದೇ. ಆದ್ರೆ ಗೋಕರ್ಣಕ್ಕೆ ಅವತ್ತು ಕಾಲಿಡ್ಲಿಕ್ಕೆ ಜಾಗ ಸಿಕ್ಕಿದ್ರೆ ನಿನ್ನ ಪುಣ್ಯ. ನೀ 17ಕ್ಕೆ ಬಾ.

ಸುಮಾ: ಈಗ ಕಾಟೇಜ್ ವಿಷಯ. ರವಿ, ಇದು ಹೊಳೆಯ ಯಾವ ದಡ?

ರವಿ ಹುಬ್ಬಳ್ಳಿ: ತದಡಿ ಕಡೆ. ಬಾಲ್ಕನಿಯಿಂದs ಹಕ್ಕಿ ಕಾಣ್ತಾವ ಅಂತ ಬರದಾರ.

ಸುಮಾ: ಕಾಣುತ್ತವೆ, ಆದ್ರೆ ಕಪ್ಪಗೆ. ತದಡಿ ಉತ್ತರದ ದಡ. ಜನವರಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿರ್ತಾನೆ. ಅಲ್ಲಿಂದ ಹೊಳೆ ನೋಡಿದ್ರೆ ಮುಖಕ್ಕೇ ಬಿಸಿಲು, ನೀರೆಲ್ಲ ಫಳಫಳ. ಕೊಕ್ಕಿನ ಉದ್ದ ಸಿಕ್ಕೀತು, ಬಣ್ಣ ಸಿಗಲ್ಲ. ಅಘನಾಶಿನಿ ಊರು, ಕಾಗಾಲದ ಕಡೆ ದಕ್ಷಿಣ ದಡದಲ್ಲಿ ನಿಂತರೆ ಬಿಸಿಲು ಬೆನ್ನಿಗೆ.

ಗಣಪತಿ ಕುಮಟಾ: ಬೆಳಕಿನ ಲೆಕ್ಕ ಸರಿ. ಆದ್ರೆ ಸಾಣಿಕಟ್ಟದ ಆಗರ ಇರೂದು ಉತ್ತರದಲ್ಲಿ. ಕಾಗಾಲದಲ್ಲಿ ಉಳ್ಕೊಂಡ್ರೆ ದಿನಾ ದಿವಗಿ ಸೇತುವೆ, ಮಿರ್ಜಾನ್ ಸುತ್ತಿ ಬರಬೇಕು, ಇಲ್ಲಾ ತದಡಿ ದೋಣಿ ಹಿಡೀಬೇಕು. ಉಬ್ಬರದ ಹೊತ್ತಿಗೆ ನೀ ರಸ್ತೆ ಮೇಲೇ ಇರ್ತೆ. ಆಗರದಲ್ಲಿ ಬದು ನಾಲ್ಕೂ ದಿಕ್ಕಿಗೆ ಉಂಟು, ಬಿಸಿಲು ಬೆನ್ನಿಗೆ ಬರೂ ಹಾಗೆ ನಾವೇ ತಿರುಗಿ ನಿಂತ್ರಾಯ್ತು. ಉತ್ತರದಲ್ಲೇ ಉಳಿಯೂದು ಸೈ. ಬಾಲ್ಕನಿ ಚಾ ಕುಡೀಲಿಕ್ಕೆ.

ಸುಮಾ: ಒಪ್ಪಿದೆ. ಒಂದು ದಿನ ಮಾತ್ರ ದೋಣಿಯಲ್ಲಿ ಆಚೆ ದಡ.

ಗಣಪತಿ ಕುಮಟಾ: ಆಗರದವ್ರನ್ನ ಕೇಳದೆ ಒಳಗೆ ಹೋಗ್ಬೇಡಿ. ಅದು ದುಡಿಯೂ ಜಾಗ. ಬದುವಿನ ಮೇಲಷ್ಟೇ ನಡಿಗೆ, ಪಾತಿಯೊಳಗೆ ಕಾಲಿಡಬಾರದು. ಜೇಡಿ ನೆಲ ಹದ ಮಾಡಿ ಗಟ್ಟಿ ಮಾಡಿರ್ತಾರೆ, ಒಂದು ಹೆಜ್ಜೆ ಇಳಿದ್ರೆ ಅಲ್ಲಿ ಉಪ್ಪಿಗೆ ಕೆಸರು ಹತ್ತಿತು. ಇಳಿತದಲ್ಲಿ ಬಳಚು (ಚಿಪ್ಪುಮೀನು) ಹೆಕ್ಕೂ ಹೆಂಗಸರು ಬರ್ತಾರೆ. ಹಕ್ಕಿಗಳಿಗೆ ಅವರ ರೂಢಿ ಉಂಟು, ಅವರಿಂದ ಓಡೂದಿಲ್ಲ. ಅವರ ಹಿಂದೆ ಕ್ಯಾಮೆರಾ ಹಿಡ್ಕೊಂಡು ಹೋಗ್ಬೇಡಿ, ಅವರ ಕೆಲಸವೂ ಕೆಡ್ತದೆ, ನಿಮ್ಮ ಹಕ್ಕಿಯೂ ಹಾರ್ತದೆ.

ಶೈಲಾ ಬೆಂಗಳೂರು: ಪೋಸ್ಟರ್ ಕೆಳಗೆ ಸಣ್ಣ ಅಕ್ಷರ ಯಾರಾದ್ರೂ ಓದಿದ್ರಾ? ‘ರಾಮ್ಸಾರ್ ಅಭಯಾರಣ್ಯ ಪ್ರವೇಶ ಶುಲ್ಕ ತಲೆಗೆ 500, ಪ್ರತ್ಯೇಕ.’

ಗಣಪತಿ ಕುಮಟಾ: ಅಯ್ಯೋ ದೇವ್ರೆ. ರಾಮ್ಸಾರ್ ಅಭಯಾರಣ್ಯ ಅಲ್ಲ, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ. 2024ರ ಜನವರಿಯಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಜೊತೆ ನಮ್ಮ ಅಳಿವೆಯೂ ಸೇರ್ತು, 4,801 ಹೆಕ್ಟೇರ್. ಅದರೊಳಗೆ ಊರುಂಟು, ಗದ್ದೆಯುಂಟು, ಮೀನುಗಾರಿಕೆಯುಂಟು. ಗೇಟೂ ಇಲ್ಲ, ಟಿಕೆಟ್ಟೂ ಇಲ್ಲ. ಆ 500 ಯಾರ ಕಿಸೆಗೆ ಅಂತ ಕೇಳು ರವಿ.

ಸುಮಾ: ‘120 ಜಾತಿ ಗ್ಯಾರಂಟಿ’ ಅಂತಲೂ ಇದೆ. ತೋಟದ ಪಿಕಳಾರ, ಕಾಗೆ, ಘಟ್ಟದ ಮಂಗಟ್ಟೆ ಎಲ್ಲ ಕೂಡಿಸಿದ್ರೆ ಮೂರು ದಿನಕ್ಕೆ ಆಗದ ಮಾತೇನಲ್ಲ. ಆದ್ರೆ ಹಾಗೆ ಗ್ಯಾರಂಟಿ ಕೊಟ್ಟ ಗೈಡ್ ಸಂಖ್ಯೆ ತುಂಬಿಸೋಕೆ ಮೊಬೈಲಲ್ಲಿ ಕೂಗು ಹಾಕಿ ಹಕ್ಕಿ ಕರೀತಾನೆ. ಅದು ಬೇಡ ಅಂತ ಮೊದಲೇ ಹೇಳಿಬಿಡು.

ರವಿ ಹುಬ್ಬಳ್ಳಿ: ಈ ಮೆಸೇಜ್ ಅಳಿಸಲಾಗಿದೆ

ಶೈಲಾ ಬೆಂಗಳೂರು: ಏನ್ ಬೈದೆ? 😂

ರವಿ ಹುಬ್ಬಳ್ಳಿ: ನಿಮಗಲ್ಲವಾ, 500ಕ್ಕ. ತಡೀರಿ, ಫೋನ್ ಹಚ್ಚತೀನಿ.

ಸುಮಾ: ಅಷ್ಟರಲ್ಲಿ ಸಾಮಾನಿನ ಪಟ್ಟಿ. ಎಲ್ಲರಿಗೂ 8x42 ಬೈನಾಕ್ಯುಲರ್ ಸಾಕು, ಬೋಟಲ್ಲಿ 10x ಕೈಯಲ್ಲಿ ನಿಲ್ಲಲ್ಲ. ಸ್ಕೋಪ್ ಎರಡು, ನಂದು, ನಾಗರಾಜನದು. ಉಪ್ಪು ಗಾಳಿ ಕೂತ ಲೆನ್ಸ್ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಮರಳುಕಾಗದದ ಹಾಗೆ ಗೀರುತ್ತೆ. ಮೊದಲು ಬ್ಲೋವರ್, ಆಮೇಲೆ ಸಿಹಿನೀರಲ್ಲಿ ಒದ್ದೆ ಮಾಡಿ ಹಿಂಡಿದ ಬಟ್ಟೆ. ಟ್ರೈಪಾಡ್ ಕಾಲಿಗೂ ರಾತ್ರಿ ಸಿಹಿನೀರಿನ ಸ್ನಾನ, ಇಲ್ಲದಿದ್ರೆ ಮೂರನೇ ದಿನ ಕ್ಲಿಪ್ ತೆರೆಯಲ್ಲ.

ಗಣಪತಿ ಕುಮಟಾ: ಟ್ರೈಪಾಡ್ ಕಾಲಿನಡಿಗೆ ತೆಂಗಿನ ಕರಟ. ಬದುವಿನ ಮಣ್ಣು ಮೇಲೆ ಗಟ್ಟಿ ಕಂಡ್ರೂ ಒಳಗೆ ಮೆತ್ತಗೆ. ಒಂದು ಕಾಲು ಅರ್ಧ ಇಂಚು ಕುಸಿದ್ರೆ ಸಾಕು, ನೀ ಹಿಡಿದಿಟ್ಟ ಹಕ್ಕಿ ಸ್ಕೋಪಿಂದ ಮಾಯ. ಕರಟ ಕವುಚಿ ಅಲ್ಲ, ಬಟ್ಟಲಿನ ಹಾಗೆ ಇಟ್ಟು ಕಾಲು ಅದರೊಳಗೆ.

ರವಿ ಹುಬ್ಬಳ್ಳಿ: ಮಾತಾಡ್ದೆ. 16ಕ್ಕ ಜಾಗ ಖಾಲಿ ಐತಿ. ಶುಕ್ರವಾರ ಸುರು ಅಂತ 5,800ಕ್ಕ ಬಂದ. ಬೋಟು ಎಂಟೂವರಿಗೆ, 17ಕ್ಕ ಒಂದs ದಿನ. 500 ಕೇಳಿದ್ದಕ್ಕ ‘ಅದು ಪಾರ್ಕಿಂಗ್ ರೀ’ ಅಂದ. ನಾವು ರೈಲಿಗೆ ಬರಾವ್ರು ಅಂದೆ. ತೆಗೆದ.

ಶೈಲಾ ಬೆಂಗಳೂರು: ಪಫಿನ್?

ರವಿ ಹುಬ್ಬಳ್ಳಿ: ಅದನ್ನೂ ಕೇಳ್ದೆ. ‘ಸೀಸನ್ ಮ್ಯಾಲೆ ಹೋಗ್ತೈತ್ರಿ’ ಅಂದ.

ನಾಗರಾಜ: ಕರಟ ಮೂರು ತರ್ಲಾ?

ಗಣಪತಿ ಕುಮಟಾ: ಸ್ಕೋಪ್ ಎರಡು. ಆರು ಬೇಕು. ಇಲ್ಲೇ ಸಿಗ್ತದೆ ಮಾರಾಯ, ಹುಬ್ಬಳ್ಳಿಯಿಂದ ಕರಾವಳಿಗೆ ಕರಟ ಹೊತ್ಕೊಂಡು ಬರ್ಬೇಡಿ.