ಬೈಕಿನ ಜಿಪಿಎಸ್‌ಗೆ ಹೊರಗಿನ ಆಂಟೆನಾ ಬೇಕಾ?

ಚಾರ್ಮಾಡಿ, ಆಗುಂಬೆ ಕಡೆ ಹೋದಾಗಲೆಲ್ಲ ಬೈಕಿನಲ್ಲಿ ಜಿಪಿಎಸ್ ಕೈಕೊಡುತ್ತದೆ, ಹೊರಗಡೆ ಒಂದು ಆಂಟೆನಾ ಹಾಕಿಸಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ. ಕೆಲವರಿಗೆ ಸರಿಹೋಗುತ್ತದೆ. ದುಡ್ಡು ಕೊಡುವ ಮೊದಲು ತೊಂದರೆ ಎಲ್ಲಿದೆ ಅಂತ ಹಿಡಿಯಿರಿ.

ಘಾಟಿಯಲ್ಲಿ 'ಜಿಪಿಎಸ್ ಹೋಯ್ತು' ಅನ್ನುವವರಲ್ಲಿ ಬಹಳ ಜನರಿಗೆ ಹೋಗಿರುವುದು ನೆಟ್‌ವರ್ಕ್. ನೀಲಿ ಚುಕ್ಕೆ ಸರಿಯಾಗೇ ಓಡುತ್ತಿರುತ್ತದೆ, ಸುತ್ತ ಮ್ಯಾಪ್ ಮಾತ್ರ ಬೂದು ಬಣ್ಣ. ಮನೆಯಲ್ಲೇ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಇದು ಮುಗಿಯಿತು. ಇನ್ನೊಂದು ವಿಷಯ. ಫೋನು ಬೇಗ ಜಾಗ ಹಿಡಿಯುವುದು ಉಪಗ್ರಹಗಳ ವಿವರವನ್ನು ಇಂಟರ್ನೆಟ್‌ನಿಂದ ತರಿಸಿಕೊಂಡು. ನೆಟ್ ಇಲ್ಲದಿದ್ದರೆ ಉಪಗ್ರಹದಿಂದಲೇ ಕೇಳಿಸಿಕೊಳ್ಳಬೇಕು. ಅದಕ್ಕೆ ಸುಮಾರು 30 ಸೆಕೆಂಡ್ ಸಿಗ್ನಲ್ ಕಡಿಯಬಾರದು. ಮರದಡಿ ಓಡುವ ಬೈಕಿನಲ್ಲಿ ಅದು ಎಲ್ಲಿ ಸಾಧ್ಯ? ಚಾರ್ಮಾಡಿ ಘಾಟಿಯ ಮೇಲಿನ ಕೊಟ್ಟಿಗೆಹಾರದಲ್ಲಿ ನೀರ್‌ದೋಸೆಗೆ ನಿಂತಾಗಲೇ ಆನ್ ಮಾಡಿ, ಆಮೇಲೆ ಇಳಿಯಿರಿ.

ಎರಡನೇ ಅನುಮಾನ ಚಾರ್ಜರ್ ಮೇಲೆ. 20,000 ಕಿಲೋಮೀಟರ್ ಮೇಲಿಂದ ಬರುವ ಸಿಗ್ನಲ್ ಬಹಳ ಸಣ್ಣದು. ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್ ಪಕ್ಕದಲ್ಲಿ ಗದ್ದಲ ಮಾಡಿದರೆ ಮುಳುಗಿಹೋಗುತ್ತದೆ. ಜಿಪಿಎಸ್‌ಟೆಸ್ಟ್ ಥರದ ಆ್ಯಪ್ ಹಾಕಿಕೊಂಡು ಬಯಲಲ್ಲಿ ಬೈಕ್ ನಿಲ್ಲಿಸಿ. ಒಂದೊಂದು ಉಪಗ್ರಹದ ಮುಂದೆ ಅದರ ಸಿಗ್ನಲ್ ಎಷ್ಟು ಗಟ್ಟಿ ಅನ್ನುವ ಒಂದು ಸಂಖ್ಯೆ ಕಾಣುತ್ತದೆ. ಒಳ್ಳೆಯವು 40ರ ಆಸುಪಾಸಿನಲ್ಲಿರುತ್ತವೆ. ಈಗ ಚಾರ್ಜರ್ ಚುಚ್ಚಿ. ಎಲ್ಲವೂ ಒಟ್ಟಿಗೆ 30ಕ್ಕೆ ಜಾರಿದರೆ ಕಳ್ಳ ಸಿಕ್ಕಿದ ಹಾಗೆ. ನಮ್ಮ ಗುಂಪಿನ ಒಬ್ಬರ ಬೈಕಿನಲ್ಲಿ ಅದು ಡ್ಯಾಶ್‌ಕ್ಯಾಮ್ ಆಗಿತ್ತು. ಆ ಕ್ಯಾಮೆರಾದ ರೆಕಾರ್ಡಿಂಗ್ ಡಬ್ಬಿಯನ್ನು ಹ್ಯಾಂಡಲ್‌ನಿಂದ ಸೀಟಿನ ಕೆಳಗೆ ಸರಿಸಿದರು, ಮುಗಿಯಿತು.

ಇಷ್ಟಾದ ಮೇಲೂ ತೊಂದರೆ ಇದ್ದರೆ ಆಂಟೆನಾ ಮಾತು. ಫೋನಿಗೆ ಆಂಟೆನಾ ಚುಚ್ಚುವ ಜಾಗವೇ ಇಲ್ಲ. ರಾಯಲ್ ಎನ್‌ಫೀಲ್ಡ್‌ನ ದಾರಿ ತೋರಿಸುವ ಪುಟ್ಟ ಪರದೆ ಟ್ರಿಪ್ಪರ್ ಕೂಡ ಜೇಬಿನ ಫೋನನ್ನೇ ನಂಬಿರುವುದು. ಗಾರ್ಮಿನ್ 60ಸಿಎಸ್‌ಎಕ್ಸ್‌ನಂಥ ಹಳೇ ಜಿಪಿಎಸ್ ಯಂತ್ರಗಳಿಗೆ ಹಿಂದುಗಡೆ ರಬ್ಬರ್ ಮುಚ್ಚಳದ ಕೆಳಗೆ ಎಂಸಿಎಕ್ಸ್ ಅನ್ನುವ ಪುಟ್ಟ ಸಾಕೆಟ್ ಇರುತ್ತದೆ. ಅಂಥದ್ದಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ, ತಳದಲ್ಲಿ ಅಯಸ್ಕಾಂತ ಇರುವ ಆಂಟೆನಾ ಸಿಗುತ್ತದೆ. ಅದಕ್ಕೆ ಕರೆಂಟು ಕೇಬಲ್‌ನಲ್ಲೇ ಹೋಗಬೇಕು. ಯಂತ್ರ ಎಷ್ಟು ವೋಲ್ಟ್ ಕೊಡುತ್ತದೆ, ಆಂಟೆನಾ ಎಷ್ಟು ಕೇಳುತ್ತದೆ, ಎರಡನ್ನೂ ನೋಡಿಯೇ ತಗೊಳ್ಳಿ.

ಎಲ್ಲಿ ಕೂರಿಸುತ್ತೀರಿ ಅನ್ನುವುದೇ ಮುಖ್ಯ. ಟ್ಯಾಂಕ್ ಮೇಲೆ ಬೇಡ. ಹಿಂದಿನ ಅರ್ಧ ಆಕಾಶವನ್ನು ಸವಾರನ ಮೈಯೇ ಮುಚ್ಚುತ್ತದೆ, ಈ ಸಿಗ್ನಲ್ ಮೈ ದಾಟುವುದಿಲ್ಲ. ಹಿಂದಿನ ಕ್ಯಾರಿಯರ್ ಒಳ್ಳೆಯದು. ಆಂಟೆನಾ ಮುಖ ಆಕಾಶಕ್ಕಿರಲಿ, ಕೆಳಗೆ ಅಂಗೈ ಅಗಲದ ಕಬ್ಬಿಣದ ತಗಡು ಇರಲಿ. ತಗಡು ಬರೀ ಅಯಸ್ಕಾಂತ ಹಿಡಿಯುವುದಕ್ಕಲ್ಲ, ಅದಿದ್ದರೆ ಆಂಟೆನಾ ಸಿಗ್ನಲನ್ನು ಚೆನ್ನಾಗಿ ಹಿಡಿಯುತ್ತದೆ. ಪ್ಲಾಸ್ಟಿಕ್ ಟಾಪ್‌ಬಾಕ್ಸ್ ಆದರೆ ಮುಚ್ಚಳದ ಒಳಗೇ ಅಂಟಿಸಬಹುದು, ಮಳೆಯ ಕಾಟವೂ ಇಲ್ಲ. ಅಲ್ಯೂಮಿನಿಯಂ ಪೆಟ್ಟಿಗೆಯೊಳಗೆ ಏನೂ ಬರುವುದಿಲ್ಲ. ಕೇಬಲ್ ಸ್ಪಾರ್ಕ್ ಪ್ಲಗ್ ವೈರಿನ ಹತ್ತಿರ ಹೋಗದಿರಲಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಎಳೆಯಬಾರದು. ಎಂಸಿಎಕ್ಸ್ ಪಿನ್ನು ಬೈಕಿನ ನಡುಕಕ್ಕೆ ಸಡಿಲವಾಗುತ್ತದೆ, ಅದರ ಪಕ್ಕದಲ್ಲೇ ಕೇಬಲನ್ನು ಒಂದು ಪ್ಲಾಸ್ಟಿಕ್ ಟ್ಯಾಗ್ ಹಾಕಿ ಬಿಗಿಯಿರಿ.

ಫೋನಿನವರಿಗೆ ಬ್ಲೂಟೂತ್ ಜಿಪಿಎಸ್ ರಿಸೀವರ್ ದಾರಿ, ಗಾರ್ಮಿನ್ ಗ್ಲೋ 2 ಥರದ್ದು. ಅದು ತಾನೇ ಜಾಗ ಹಿಡಿದು ಫೋನಿಗೆ ಹೇಳುತ್ತದೆ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ಒಂದು ಆ್ಯಪ್ ಹಾಕಿ, ಡೆವಲಪರ್ ಆಯ್ಕೆಯಲ್ಲಿ, ಹೊರಗಿನಿಂದ ಬಂದ ಜಾಗವನ್ನು ಫೋನು ಒಪ್ಪುವಂತೆ ಮಾಡುವ ಮಾಕ್ ಲೊಕೇಶನ್‌ಗೆ ಅದನ್ನು ಆರಿಸಬೇಕು. ನನ್ನನ್ನು ಕೇಳಿದರೆ ಆ ದುಡ್ಡನ್ನು ಮುಂದಿನ ಫೋನಿಗೆ ಸೇರಿಸಿ. ಎಲ್1, ಎಲ್5 ಅನ್ನುವ ಎರಡೂ ಜಿಪಿಎಸ್ ಫ್ರೀಕ್ವೆನ್ಸಿ ಹಿಡಿಯುವ ಫೋನು ಬಂಡೆಗೆ, ಕಟ್ಟಡಕ್ಕೆ ಬಡಿದು ಬರುವ ಸುಳ್ಳು ಸಿಗ್ನಲ್‌ಗೆ ಅಷ್ಟಾಗಿ ಮೋಸ ಹೋಗುವುದಿಲ್ಲ.

ಹಾಂ, ಪೀಣ್ಯ ಫ್ಲೈಓವರ್ ಮೇಲೆ ಹೋಗುತ್ತಿದ್ದರೆ ಕೆಳಗಿನ ರಸ್ತೆ ತೋರಿಸುತ್ತದೆ ಅನ್ನುವ ದೂರಿಗೆ ಆಂಟೆನಾ ಮದ್ದಲ್ಲ. ಎರಡೂ ರಸ್ತೆ ಒಂದರ ಮೇಲೊಂದು, ಮ್ಯಾಪ್ ಊಹೆ ಮಾಡುತ್ತದೆ ಅಷ್ಟೆ.

ನಿಮ್ಮದು ಫೋನಾ, ಯಂತ್ರವಾ? ಚಾರ್ಜರ್ ಚುಚ್ಚಿದಾಗ ಸಂಖ್ಯೆ ಎಷ್ಟಕ್ಕೆ ಇಳಿಯಿತು ಅಂತಲೂ ತಿಳಿಸಿ.