ಓದುಗರ ಸ್ಪಂದನ: ನಮ್ಮ ಯುವಕ ಮಂಡಲದಲ್ಲಿ ಅವರಿಗೂ ಜಾಗ ಉಂಟಾ?

ಕಾಪು ಕಡೆಯ ಯುವಕ ಮಂಡಲವೊಂದರ ಕಾರ್ಯದರ್ಶಿ ಕಳೆದ ಸಂಚಿಕೆಯಲ್ಲಿ ಕೇಳಿದ್ದರು: "ಗಾಲಿಕುರ್ಚಿಯಲ್ಲಿರುವ ಒಬ್ಬ ಯುವಕ, ಕಿವಿ ಕೇಳದ ಒಬ್ಬಳು ಯುವತಿ ಸದಸ್ಯತ್ವ ಕೇಳಿದ್ದಾರೆ. ವಾಲಿಬಾಲ್, ಅಷ್ಟಮಿಯ ಹುಲಿವೇಷ, ಶ್ರಮದಾನ ಇದರಲ್ಲೆಲ್ಲ ಅವರು ಏನು ಮಾಡಿಯಾರು? ಡಿಸೆಂಬರ್ 3ರ ಅಂಗವಿಕಲರ ದಿನ ಒಂದು ಸನ್ಮಾನ ಇಟ್ಟರೆ ಸಾಲದೇ ಎನ್ನುತ್ತಾರೆ ನಮ್ಮ ಹುಡುಗರು." ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಕಾರ್ಯದರ್ಶಿಗಳೇ, ಅವರು ಕೇಳಿದ್ದು ಸದಸ್ಯತ್ವ. ನೀವು ಕೊಡಹೊರಟದ್ದು ಶಾಲು. ರಶೀದಿ ಪುಸ್ತಕ ತೆಗೆದು ಚಂದಾ ಬರೆದುಕೊಳ್ಳಿ.
– ಓದುಗಿ, ಕುಂದಾಪುರ

*ಮಾತು ಗಡುಸು. ಆದರೆ ಇದನ್ನು ಅಲ್ಲಗಳೆದು ಬರೆದವರು ಯಾರೂ ಇಲ್ಲ. ಮುಂದಿನ ಪತ್ರ ದೊಡ್ಡದು, ಕತ್ತರಿಸಲು ಮನಸ್ಸಾಗಲಿಲ್ಲ.*

ಕಾರ್ಯದರ್ಶಿಯ ಆ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ಯಾಕೆಂದು ಬರೆಯುವುದಿಲ್ಲ, ಕೆಲಸದ ಮಾತು ಬರೆಯುತ್ತೇನೆ. ಸಾಮಾನ್ಯವಾಗಿ ಮಂಡಲದ ಕಟ್ಟಡಕ್ಕೆ ಮೂರು ಮೆಟ್ಟಿಲಾದರೂ ಇರುತ್ತದೆ. ಆರಾರು ಇಂಚಿನಂತೆ ಹದಿನೆಂಟು ಇಂಚು ಎತ್ತರ. ಒಂದಿಂಚು ಏರಬೇಕಾದರೆ ಹನ್ನೆರಡು ಇಂಚು ಉದ್ದ ಬೇಕು, ಅಂದರೆ ರ‍್ಯಾಂಪ್ 18 ಅಡಿ. ಮೇಸ್ತ್ರಿಗೆ ಅಳತೆ ಹೇಳದೆ ಬಿಟ್ಟರೆ ಆರು ಅಡಿಯಲ್ಲಿ ಮುಗಿಸಿಬಿಡುತ್ತಾರೆ. ಅದು ಬೈಕ್ ಹತ್ತಿಸುವ ಇಳಿಜಾರು. ಗಾಲಿಕುರ್ಚಿ ಅದರಲ್ಲಿ ಹಿಂದಕ್ಕೆ ಮಗುಚುತ್ತದೆ, ಕೂತವರ ತಲೆಯೇ ಮೊದಲು ನೆಲಕ್ಕೆ ಬಡಿಯುತ್ತದೆ. ಅಂಗಳ ಚಿಕ್ಕದಾದರೆ ಮಧ್ಯೆ ತಿರುವು ಕೊಡಿ, ತಿರುವಿನಲ್ಲಿ 5 ಅಡಿ ಚೌಕದ ಸಮತಟ್ಟು ಜಾಗ ಬಿಡಿ. ಬಾಗಿಲ ಮುಂದೆಯೂ ಅಷ್ಟೇ ಸಮತಟ್ಟು ಬೇಕು. ಇಳಿಜಾರಿನ ಮೇಲೆ ನಿಂತು ಬಾಗಿಲು ಎಳೆಯಹೋದರೆ ಕುರ್ಚಿ ಹಿಂದೆ ಜಾರುತ್ತದೆ. ಅಗಲ 4 ಅಡಿ, ಎರಡೂ ಬದಿ ಹಿಡಿಕೆ, ಅಂಚಿಗೆ ನಾಲ್ಕು ಇಂಚಿನ ಕಟ್ಟೆ.

ಮೇಲ್ಮೈಗೆ ಟೈಲ್ಸ್ ಬೇಡ, ನುಣ್ಣಗೆ ಸಾರಣೆಯೂ ಬೇಡ. ಕಾಂಕ್ರೀಟ್ ಹಸಿ ಇರುವಾಗಲೇ ಹಿಡಿಸೂಡಿಯಿಂದ ಅಡ್ಡಡ್ಡ ಗೆರೆ ಎಳೆಯಿರಿ. ನಮ್ಮ ಮಳೆಗೆ ಜುಲೈ ಬರುವಷ್ಟರಲ್ಲಿ ಪಾಚಿ ಹಿಡಿಯುತ್ತದೆ, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಬೇಕು. ಕಡಲ ಬದಿ ಬರೀ ಕಬ್ಬಿಣದ ಹಿಡಿಕೆ ಬೇಗ ತುಕ್ಕು ಹಿಡಿದು ಅಂಗೈ ಕೊಯ್ಯುತ್ತದೆ, ಸ್ಟೀಲ್ ಹಾಕಿ. ಮಳೆ ಬಂತೆಂದು ರ‍್ಯಾಂಪ್ ಮೇಲೆ ಬೈಕ್ ನಿಲ್ಲಿಸಬೇಡಿ.

ಶೌಚಾಲಯ ಮರೆತರೆ ಇಷ್ಟೂ ಖರ್ಚು ನೀರುಪಾಲು. ಹೋಗಲು ಜಾಗವಿಲ್ಲವೆಂದು ಬೆಳಗಿನಿಂದ ನೀರು ಕುಡಿಯದೆ ಬರುವವರು ಎರಡನೇ ಸಲ ಬರುವುದಿಲ್ಲ. ಬಾಗಿಲು 3 ಅಡಿ ಅಗಲವಿರಲಿ, ಹೊರಕ್ಕೆ ತೆರೆಯಲಿ. ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ಅವರ ಮೈಯೇ ತಡೆಯುತ್ತದೆ.

ಕಟ್ಟುವವರೆಗೆ ಹೊತ್ತೊಯ್ಯುತ್ತೇವೆ ಎನ್ನಬೇಡಿ. ಒಮ್ಮೆ ಹೊರಲೇಬೇಕಾದರೆ ಮೊದಲು ಅವರ ಒಪ್ಪಿಗೆ ಕೇಳಿ. ಕೈ ಒರಗಿಸುವ ಪಟ್ಟಿ, ಕಾಲಿಡುವ ಹಲಗೆ ಹಿಡಿದು ಎತ್ತಬೇಡಿ, ಅವು ಕಳಚಿ ಬರುತ್ತವೆ. ಗಟ್ಟಿ ಚೌಕಟ್ಟನ್ನೇ ಹಿಡಿಯಿರಿ.
– ಓದುಗ, ಬ್ರಹ್ಮಾವರ

*ಒಳಗೆ ಬಂದ ಮೇಲೆ ಆಟ.*

ಕುಳಿತು ಆಡುವ ವಾಲಿಬಾಲ್ ಉಂಟು. ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ನೆಟ್ ಪುರುಷರಿಗೆ 1.15 ಮೀಟರ್, ಮಹಿಳೆಯರಿಗೆ 1.05. ಚೆಂಡು ಹೊಡೆಯುವಾಗ ಮೈ ನೆಲ ಬಿಡುವಂತಿಲ್ಲ. ಮಂಡಲದ ಎಲ್ಲರೂ ಕೂತೇ ಆಡಲಿ. ನಿಂತು ಸ್ಮ್ಯಾಶ್ ಹೊಡೆಯುವ ಹುಡುಗರಿಗೆ ತಮ್ಮ ಕಾಲೇ ಅಡ್ಡ ಬರುತ್ತದೆ, ಕೈಯಿಂದ ತಳ್ಳಿಕೊಂಡು ಸರಿಯುವುದನ್ನು ಹೊಸದಾಗಿ ಕಲಿಯಬೇಕು. ಮುರಮಣ್ಣಿನ ಮೇಲೆ ಆಡಿಸಿದರೆ ಚರ್ಮ ಸುಲಿಯುತ್ತದೆ, ಕಬಡ್ಡಿ ಮ್ಯಾಟ್ ಹಾಸಿ. ಬೆನ್ನುಹುರಿ ಪೆಟ್ಟಾದವರಿಗೆ ಕಾಲಿನ ಗಾಯ ಗೊತ್ತೇ ಆಗದಿರಬಹುದು; ಆಟ ಮುಗಿದ ಮೇಲೆ ಕಾಲು ನೋಡಿಕೊಳ್ಳಲು ನೆನಪಿಸಿ.

ಕೂತಾಗ ಬೆನ್ನು ನಿಲ್ಲದವರಿಗೆ ಬೋಚಿಯಾ ಸರಿ, ಗುರಿಯ ಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡು ಎಸೆಯುವ ಆಟ: 6 ಕೆಂಪು, 6 ನೀಲಿ, ಗುರಿಗೆ 1 ಬಿಳಿ ಚೆಂಡು. ಅಭ್ಯಾಸಕ್ಕಾದರೆ ಕಾಲುಚೀಲಕ್ಕೆ 275 ಗ್ರಾಂ ಅಕ್ಕಿ ತುಂಬಿ ಹೊಲಿದರೂ ನಡೆಯುತ್ತದೆ. ಸ್ಕೋರ್ ಬರೆಯಲು ಕೂರಿಸಿ ಕೈತೊಳೆದುಕೊಳ್ಳಬೇಡಿ.
– ನಿವೃತ್ತ ದೈಹಿಕ ಶಿಕ್ಷಕ, ಮೂಲ್ಕಿ

ಕಿವಿ ಕೇಳದ ಆ ಹುಡುಗಿಯ ಬಗ್ಗೆ ಯಾರೂ ಬರೆದಿರಲಾರರು. ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ನಿಲ್ಲಿಸಿ, ಟೈಪ್ ಮಾಡಿ. ಸಭೆಯಲ್ಲಿ ಒಬ್ಬೊಬ್ಬರೇ ಮಾತಾಡಿ, ಕೈ ಎತ್ತಿ ಶುರುಮಾಡಿ. ಮಾತಾಡುವವರು ಕಿಟಕಿಗೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗಿ ತುಟಿ ಕಾಣುವುದಿಲ್ಲ. ಕಿರುಚಿದರೂ ಪ್ರಯೋಜನವಿಲ್ಲ, ತುಟಿಯ ಆಕಾರ ಕೆಡುತ್ತದೆ ಅಷ್ಟೆ. ಹುಲಿವೇಷಕ್ಕೆ ಆಕೆ ಬೇಡವೆನ್ನುವುದು ಯಾಕೆ? ತಾಸೆ ವಾದ್ಯ ಬಡಿಯುವವರ ಕೈ ಎದುರಿಗೆ ಕಾಣುವಂತೆ ನಿಲ್ಲಿಸಿ. ಮರದ ಹಲಗೆಯ ಮೇಲಾದರೆ ಡೋಲಿನ ಪೆಟ್ಟು ಪಾದಕ್ಕೇ ಸಿಗುತ್ತದೆ. ಸಂಜ್ಞೆ ಭಾಷೆಯನ್ನು ಇಪ್ಪತ್ತು ಪದಗಳಿಂದ ಶುರುಮಾಡಿ, ಆಕೆಯೇ ಕಲಿಸಲಿ.
– ವಿಶೇಷ ಶಿಕ್ಷಕಿ, ಮಂಗಳೂರು

*ಕೇಳದಿದ್ದರೂ ಗೊತ್ತಿರಬೇಕಾದದ್ದು:*

ಯಾರಿಗಾದರೂ ಅಪಸ್ಮಾರ ಬಂದರೆ ಕೈಗೆ ಕೀಲಿಕೈ ಕೊಡಬೇಡಿ, ಬಾಯಿಗೆ ಚಮಚ ತುರುಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ.
– ದಾದಿ, ಮಣಿಪಾಲ

*ಖರ್ಚಿನ ಚಿಂತೆಗೆ ಕೊನೆಯ ಪತ್ರ.*

ಗ್ರಾಮ ಪಂಚಾಯತ್ ತನ್ನ ಸ್ವಂತ ಆದಾಯದಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕು. ಮೊದಲು ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ರ‍್ಯಾಂಪ್‌ನ ಅಳತೆ, ಅಂದಾಜು ಪಟ್ಟಿ, ಮೆಟ್ಟಿಲಿನ ಫೋಟೊ ಇಟ್ಟು ಅರ್ಜಿ ಕೊಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29, 30ನೇ ಕಲಮುಗಳು ಮನರಂಜನೆ ಮತ್ತು ಕ್ರೀಡೆಯದ್ದೇ. ಅರ್ಜಿಯಲ್ಲಿ ಅವನ್ನೂ ಬರೆಯಿರಿ. ಅರ್ಜಿಗೆ ಸಹಿ ಹಾಕುವವರಲ್ಲಿ ಆ ಇಬ್ಬರೂ ಇರಲಿ, ಸದಸ್ಯರೆಂದು.
– ಪಂಚಾಯತ್ ಮಾಜಿ ಸದಸ್ಯೆ, ಕಾರ್ಕಳ