ಒಪ್ಪಂದದ 'ಅನುಮೋದನೆ' ಅಂದರೆ ಯಾರ ಒಪ್ಪಿಗೆ?

ಎಲ್ಲರಿಗೂ ನಮಸ್ಕಾರ.

ಡೊಂಬಿವ್ಲಿಯ ನಮ್ಮ ಕನ್ನಡ ಬಳಗದಲ್ಲಿ ಮುಂದಿನ ತಿಂಗಳು ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ. ಬೇರೆ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಜನರ ಮಾತಿಗೂ ಜಾಗ ಬೇಕು ಅನ್ನುವುದು ವಿಷಯ. ಟಿಪ್ಪಣಿ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಎರಡು ಇಂಗ್ಲಿಷ್ ಪದಗಳನ್ನು ಕನ್ನಡಕ್ಕೆ ತರುವಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಟ್ರೀಟಿಗೆ ಇಲ್ಲಿನ ಮರಾಠಿ ಪತ್ರಿಕೆಗಳು 'ಕರಾರ್' ಅನ್ನುತ್ತವೆ. ನಮಗೆ ಕರಾರು ಅಂದರೆ ಬಾಡಿಗೆ ಮನೆ ನೆನಪಾಗುತ್ತದೆ, ಒಡಂಬಡಿಕೆ ಅಂದರೆ ಬೈಬಲ್ಲು. ಹಾಗಾಗಿ ಒಪ್ಪಂದವೇ ಇರಲಿ, ತಕರಾರಿಲ್ಲ.

ತೊಡಕು ಇರುವುದು ರ‍್ಯಾಟಿಫಿಕೇಶನ್‌ನಲ್ಲಿ. ಸಹಿ ಆದಮೇಲೆ 'ಇದಕ್ಕೆ ನಾವು ಬದ್ಧ' ಎಂದು ದೇಶ ತಿಳಿಸುವ ಹಂತ ಅದು. ಕನ್ನಡದಲ್ಲಿ ಅನುಮೋದನೆ, ಅಂಗೀಕಾರ ಎಂದು ಬರೆಯುತ್ತೇವೆ. ಆದರೆ ಅಂಗೀಕಾರ ಅಂದಕೂಡಲೇ ಮಸೂದೆ ನೆನಪಾಗುತ್ತದೆ, ಅಲ್ವಾ? ಸಂಸತ್ತಿನಲ್ಲಿ ಚರ್ಚೆಯಾಗಿ ಪಾಸಾಯಿತು ಅಂತಲೇ ಓದುವವರು ತಿಳಿಯುತ್ತಾರೆ. ನಮ್ಮಲ್ಲಿ ಹಾಗಿಲ್ಲ. ಒಪ್ಪಂದ ಮಾಡುವುದು ಕೇಂದ್ರ ಸರ್ಕಾರ. ಅದನ್ನು ಜಾರಿ ಮಾಡಲು ಕಾನೂನು ಬೇಕಾದರೆ ಮಾಡುವ ಅಧಿಕಾರವನ್ನು ಸಂವಿಧಾನದ 253ನೇ ವಿಧಿ ಸಂಸತ್ತಿಗೆ ಕೊಡುತ್ತದೆ. ಸದನದ ಒಪ್ಪಿಗೆ ಪಡೆದೇ ಮುಂದೆ ಹೋಗಬೇಕು ಅಂತ ಎಲ್ಲೂ ಇಲ್ಲ. ಆಮದು ಸುಂಕ ಇಳಿಸಲು ಒಂದು ಅಧಿಸೂಚನೆ ಸಾಕು.

ಬ್ರಿಟನ್ ಜೊತೆ 2025ರ ಜುಲೈ 24ರಂದು ನಮ್ಮ ಒಪ್ಪಂದಕ್ಕೆ ಸಹಿ ಬಿತ್ತು. ಅವರ 2010ರ ಕಾನೂನಿನ ಪ್ರಕಾರ ಒಪ್ಪಂದವನ್ನು ಸಂಸತ್ತಿನ ಮುಂದೆ 21 ಕಲಾಪದ ದಿನ ಇಡಬೇಕು. ಯುರೋಪಿಯನ್ ಒಕ್ಕೂಟದಲ್ಲಿ ವ್ಯಾಪಾರ ಒಪ್ಪಂದಕ್ಕೆ ಅವರ ಪಾರ್ಲಿಮೆಂಟಿನ ಒಪ್ಪಿಗೆಯೇ ಬೇಕು. ಮೂರಕ್ಕೂ 'ಅಂಗೀಕಾರ' ಅಂದುಬಿಟ್ಟರೆ ನಾನು ಹೇಳಹೊರಟ ವ್ಯತ್ಯಾಸವೇ ಅಳಿಸಿಹೋಗುತ್ತದೆ. 'ಸ್ಥಿರೀಕರಣ' ಇದೆ, ಆದರೆ ಬಾಯಿಗೆ ಹತ್ತುವುದಿಲ್ಲ. ಮುಂಬೈ ಶೈಲಿಯಲ್ಲಿ 'ಸರ್ಕಾರ ಒಪ್ಪಂದ ಪಕ್ಕಾ ಮಾಡಿತು' ಅಂದರೆ ನಗುತ್ತೀರಾ?

  

ಎರಡನೆಯದು ಎವಿಡೆನ್ಸ್-ಬೇಸ್ಡ್, ಅಂದರೆ ಅಂಕಿ-ಅಂಶ ನೋಡಿ ಮಾಡಿದ್ದು. 'ಸಾಕ್ಷ್ಯಾಧಾರಿತ' ಅಂದರೆ ಕೋರ್ಟಿನ ವಾಸನೆ. ನನಗೆ ಬೇಕಾದದ್ದು ಮೆಣಸಿನ ಕಾಳಿನ ಕಥೆಗೆ ಹೊಂದುವ ಪದ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಲ್ಲಿ ಜಾರಿಗೆ ಬಂತು. ಆ ಒಪ್ಪಂದದ ಸುಂಕದ ರಿಯಾಯಿತಿಗಾಗಿ ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಲ್ಲಿ ಒಳಗೆ ಬರುತ್ತಿದೆ ಎಂದು ಕೊಡಗಿನ ಬೆಳೆಗಾರರು ದೂರಿದರು. ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ (ಅದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ ಅನ್ನುವ ಮಿತಿ) ಬಂದದ್ದು 2017ರ ಡಿಸೆಂಬರಿನಲ್ಲಿ. ಇಂಥದ್ದನ್ನು ಮೊದಲೇ ಲೆಕ್ಕ ಹಾಕಿ, ಬೆಳೆಯುವವರನ್ನು ಕೇಳಿ ಮಾಡಬೇಕಿತ್ತು ಅನ್ನುವುದಕ್ಕೆ ಒಂದು ಪದ ಬೇಕು.

ವಾಶಿಯ ಮಸಾಲಾ ಮಾರ್ಕೆಟ್‌ನಲ್ಲಿರುವ ನಮ್ಮ ಭಾವ, "'ಕಂಡು ಕೇಳಿ ಮಾಡಿದ ಒಪ್ಪಂದ' ಅಂತ ಬರಿ, ಸಾಕು" ಅಂದರು. ನನಗೆ ಹಿಡಿಸಿತು. ಅಂಕಿ-ಅಂಶವೂ ಬಂತು, ಜನರೂ ಬಂದರು. ಆದರೆ ಓದಿದವರಿಗೆ 'ಕಂಡು ಕಂಡು ಬಾವಿಗೆ ಬಿದ್ದ' ನೆನಪಾಗುತ್ತದೋ ಏನೋ! ನಿಮ್ಮ ಊರ ಕಡೆ ಬೇರೆ ಮಾತಿದ್ದರೆ ಹೇಳಿ. ಶನಿವಾರ ಟಿಪ್ಪಣಿ ಪ್ರಿಂಟಿಗೆ ಹೋಗಬೇಕು.